ಫಾರ್ವರ್ಡ್ ಒತ್ತುವ ಮುನ್ನ ಕನಕದಾಸರ ರಾಗಿ ಕತೆ

‘ಬಿ.ಎ. ಓದಿ ಏನ್ ಮಾಡ್ತೀರಿ? ಇತಿಹಾಸ, ಕಾವ್ಯ ಹೊಟ್ಟಿ ತುಂಬಸ್ತಾವೇನು?’ ಊರ ಕಟ್ಟೆಯ ಮೇಲೆ ಈ ಮಾತು ನಾವು ಬಹಳ ಸಲ ಕೇಳಿದ್ದೇವೆ. ಕೇಳುವವರದು ತಪ್ಪಲ್ಲ. ಸಾಲ ಮಾಡಿ ಮಕ್ಕಳನ್ನು ಓದಿಸಿದವರು ಕೇಳಲೇಬೇಕು. ನಮ್ಮ ಉತ್ತರ ಇದು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಅವನ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕ್ಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಹೊಡೆದವರು ಬೇರೆ ಲೋಕದವರಲ್ಲ, ನಮ್ಮಂಥ ಹಳ್ಳಿಯವರೇ. ಮಕ್ಕಳ ಮೇಲಿನ ಪ್ರೀತಿ ಭಯವಾಯಿತು, ಭಯ ಗುಂಪಾಯಿತು. ತಡೆಯಲು ಬಂದವರ ಮಾತು ಗುಂಪಿಗೆ ಕೇಳಿಸಲಿಲ್ಲ.

ಫೋನ್ ಹೊಸದು, ಈ ಗುಣ ಹಳೆಯದು. ನಮ್ಮ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚುತ್ತಾರೆ. ಭತ್ತ ಉಳ್ಳವರ ಧಾನ್ಯ, ರಾಗಿ ಬಡವರದು. ರಾಮ ಅಲ್ಲೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ತೆಗೆದು ನೋಡಿದರೆ ಭತ್ತ ಕೆಟ್ಟಿದೆ, ರಾಗಿ ಗಟ್ಟಿಯಾಗಿದೆ. ಕುಲ ನೋಡಿ ಬೆಲೆ ಕಟ್ಟುವುದು ಮನುಷ್ಯನ ಚಾಳಿ, ಕಾದು ಪರೀಕ್ಷಿಸುವುದು ಅವನು ಕಲಿಯಬೇಕಾದ ಬುದ್ಧಿ. ಕತೆಯ ತಿರುಳು ನಮಗೆ ಕಂಡದ್ದು ಹೀಗೆ.

ನಮ್ಮ ಅಗಡಿಯಿಂದಲೇ ಗಳಗನಾಥರು 1907ರಲ್ಲಿ ಶುರುವಾದ ‘ಸದ್ಬೋಧ ಚಂದ್ರಿಕೆ’ ನಡೆಸಿದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು ಅವರು. ಆಗ ಒಂದು ಮಾತು ಊರು ಮುಟ್ಟಲು ದಿನಗಳೇ ಬೇಕಿತ್ತು. ಈಗ ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೂರು ಊರು ಮುಟ್ಟುತ್ತದೆ. ವಿಚಾರ ಮಾಡಲು ಸಿಗುತ್ತಿದ್ದ ಹೊತ್ತು ಹೋಗಿದೆ. ಅದನ್ನು ನಾವೇ ಮಾಡಿಕೊಳ್ಳಬೇಕು.

ಪತ್ರಿಕೋದ್ಯಮ ಓದಿದ ನಾವೂ ಪರಿಶೀಲಿಸದೆ ಸುದ್ದಿ ಕಳಿಸಿದ್ದುಂಟು. ಅದಕ್ಕೇ ಈಗೊಂದು ರೂಢಿ ಮಾಡಿಕೊಂಡಿದ್ದೇವೆ: ಸಿಟ್ಟು, ಭಯ ತರಿಸುವ ಸುದ್ದಿ ಬಂದರೆ ಒಂದು ತಾಸು ಯಾರಿಗೂ ಕಳಿಸುವುದಿಲ್ಲ. ಆ ಊರಿನವರಿಗೋ ಪೊಲೀಸ್ ಠಾಣೆಗೋ ಫೋನ್ ಮಾಡಿ ಕೇಳುತ್ತೇವೆ. ನೀವೂ ಮಾಡಿ ನೋಡಿರಿ.

ರಾಮ ಆರು ತಿಂಗಳು ಕಾದ. ನಮಗೆ ಒಂದು ತಾಸು ಸಾಕು. ಮಗಳು ಇತಿಹಾಸ ಓದುತ್ತೇನೆ ಅಂದರೆ ಓದಲಿ ಬಿಡ್ರಿ. ‘ತಡೀರಿ, ಮೊದಲು ಕೇಳೋಣು’ ಅನ್ನುವವರು ಊರಿಗೊಬ್ಬರಾದರೂ ಬೇಕು.