ಸಂಬಂಧ ತಪ್ಪೀತೆಂದು ಕಾಯಿಲೆ ಮುಚ್ಚಿಡುವುದೇ?

ನಮ್ಮ ಮನೆಗಳಲ್ಲಿ ಕ್ಯಾನ್ಸರ್‌ಗೆ ಹೆಸರಿಲ್ಲ, ‘ಆ ಕಾಯಿಲೆ’ ಅಷ್ಟೇ. ಮದುವೆಗೆ ಹೆಣ್ಣುಮಕ್ಕಳಿದ್ದರೆ ಅಷ್ಟನ್ನೂ ಹೇಳುವುದಿಲ್ಲ. ನನಗೆ ಪರಿಚಯದ ಒಂದು ಕುಟುಂಬದಲ್ಲಿ ತಾಯಿಗೆ ಅಂಡಾಶಯದ ಕ್ಯಾನ್ಸರ್ ಆದಾಗ ‘ಗರ್ಭಕೋಶದಲ್ಲಿ ಗೆಡ್ಡೆ ಇತ್ತು, ತೆಗೆಸಿದೆವು’ ಎಂದು ನೆಂಟರಿಗೆ ಹೇಳಿದರು. ಆಕೆಯ ಸ್ವಂತ ತಂಗಿಗೆ ನಿಜ ತಿಳಿದದ್ದು ನಾಲ್ಕು ವರ್ಷಗಳ ನಂತರ, ಅದೇ ಕಾಯಿಲೆಯಿಂದ ತಾನೇ ಆಸ್ಪತ್ರೆ ಸೇರಿದಾಗ.

ನಮ್ಮ ಪ್ರತಿ ಜೀವಕೋಶದ ಡಿಎನ್‌ಎಗೆ ದಿನವೂ ಸಾವಿರಾರು ಸಣ್ಣ ಹಾನಿಗಳಾಗುತ್ತವೆ. ಅದನ್ನು ರಿಪೇರಿ ಮಾಡುವ ವ್ಯವಸ್ಥೆಯೂ ಜೀವಕೋಶದಲ್ಲೇ ಇದೆ. (ಈ ರಿಪೇರಿ ಹೇಗೆ ನಡೆಯುತ್ತದೆಂದು ತೋರಿಸಿ 2015ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಅಝೀಝ್ ಸಂಜಾರ್, ತುರ್ಕಿಯ ಸವೂರ್ ಎಂಬ ಸಣ್ಣ ಊರಿನವರು.) ರಿಪೇರಿಯ ಜೀನ್ ಹುಟ್ಟಿನಿಂದಲೇ ದೋಷಪೂರಿತವಾಗಿದ್ದರೆ ಹಾನಿ ಕೂಡುತ್ತಾ ಹೋಗಿ ಕ್ಯಾನ್ಸರ್ ಆಗುವ ಸಾಧ್ಯತೆ ಹೆಚ್ಚು. ಎಲ್ಲ ಕ್ಯಾನ್ಸರ್ ಹೀಗಲ್ಲ. ನೂರರಲ್ಲಿ ಐದರಿಂದ ಹತ್ತು ಮಾತ್ರ ವಂಶದಿಂದ ಬರುವಂಥವು.

ಆದರೆ ದೋಷ ಒಂದೇ ಅಂಗಕ್ಕೆ ಸೀಮಿತವಲ್ಲ. ಬಿಆರ್‌ಸಿಎ ಜೀನ್‌ಗಳನ್ನು ‘ಸ್ತನ ಕ್ಯಾನ್ಸರ್ ಜೀನ್’ ಎನ್ನುವುದು ಅರ್ಧ ಸತ್ಯ. ಅದೇ ದೋಷ ಅಂಡಾಶಯ, ಪ್ರಾಸ್ಟೇಟ್, ಮೇದೋಜೀರಕ ಗ್ರಂಥಿಗಳಲ್ಲೂ ಕಾಣಿಸಬಹುದು. ಇನ್ನೊಂದು ಬಗೆಯ ರಿಪೇರಿ ದೋಷ ದೊಡ್ಡ ಕರುಳಿಗೂ ಗರ್ಭಕೋಶಕ್ಕೂ ಬರುತ್ತದೆ. ಅಜ್ಜನ ಪ್ರಾಸ್ಟೇಟ್ ಕ್ಯಾನ್ಸರ್, ಮೊಮ್ಮಗಳ ಸ್ತನ ಕ್ಯಾನ್ಸರ್ ಎರಡಕ್ಕೂ ಮೂಲ ಒಂದೇ ಇರಬಹುದು. ತಂದೆಯ ಕಡೆಯದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೋಷವಿರುವುದು ತಂದೆಗಾಗಲಿ ತಾಯಿಗಾಗಲಿ, ಪ್ರತಿ ಮಗುವಿಗೂ, ಗಂಡಾದರೂ ಹೆಣ್ಣಾದರೂ, ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಒಳಸಂಬಂಧದಲ್ಲೇ ನಿಕಾಹ್ ಮಾಡುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ದಂಪತಿ ಇಬ್ಬರಲ್ಲೂ ಬಿಆರ್‌ಸಿಎ-2 ದೋಷವಿದ್ದರೆ ಮಗು ಫ್ಯಾಂಕೋನಿ ಅನೀಮಿಯಾ ಎಂಬ ತೀವ್ರ ರಕ್ತದ ಕಾಯಿಲೆಯೊಂದಿಗೆ ಹುಟ್ಟಬಹುದು. ಸಂಬಂಧ ತಪ್ಪುತ್ತದೆಂದು ಮುಚ್ಚಿಟ್ಟ ವಿಷಯ ಆ ಸಂಬಂಧದ ಮಗುವಿಗೇ ಮುಳುವಾಗುತ್ತದೆ.

‘ತಿಳಿದು ಮಾಡುವುದೇನು, ಭಯ ತಾನೇ?’ ಎನ್ನುವವರಿದ್ದಾರೆ. ಮಾಡಲು ಬೇಕಾದಷ್ಟಿದೆ. ಸ್ತನಕ್ಕೆ ಚಿಕ್ಕ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, ಕರುಳಿಗೆ ಕೊಲೊನೋಸ್ಕೋಪಿ, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವ ಆಯ್ಕೆ. ಕಾಯಿಲೆ ಬಂದವರಿಗೂ ಪ್ರಯೋಜನವಿದೆ: ಓಲಾಪರಿಬ್ ಎಂಬ ಮಾತ್ರೆಯನ್ನು ಬಿಆರ್‌ಸಿಎ ದೋಷವಿರುವ ಈ ನಾಲ್ಕೂ ಬಗೆಯ ಕ್ಯಾನ್ಸರ್‌ಗಳಲ್ಲಿ ಬಳಸುತ್ತಾರೆ.

ಮನೆಮಂದಿಯೆಲ್ಲ ಓಡಿಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ, ಅದು ದುಬಾರಿ. ಸಾಧ್ಯವಾದರೆ ಮೊದಲು ಕಾಯಿಲೆ ಬಂದವರಿಗೆ ಮಾಡಿಸಬೇಕು. ದೋಷ ಸಿಕ್ಕರೆ ಉಳಿದವರಲ್ಲಿ ಆ ಒಂದನ್ನೇ ಹುಡುಕಿದರಾಯಿತು, ಖರ್ಚೂ ಕಡಿಮೆ. ಆದರೆ ಅದಕ್ಕೆ ಕಾಯಿಲೆ ಬಂದವರು ಬಾಯಿ ಬಿಡಬೇಕಲ್ಲ.

ಆ ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಮದುವೆಯಾಗಿದೆ. ಅತ್ತೆಗೆ ಏನಾಗಿತ್ತೆಂದು ಅಳಿಯಂದಿರಿಗೆ ಈಗಲೂ ಗೊತ್ತಿಲ್ಲ. ಮಕ್ಕಳಿಬ್ಬರೂ ಪರೀಕ್ಷೆ ಮಾಡಿಸಿಕೊಂಡಿಲ್ಲ.