ಉತ್ತರ ಹೇಳಲಾರದವರ ಮೇಲೆ ಅಪವಾದ

ಕಾತ್ರಜದ ಬಸ್ ನಿಲ್ದಾಣದ ಸುತ್ತಲಿನ ಹೋಟೆಲುಗಳಲ್ಲಿ ಬೆಳಗಿನ ಮೊದಲ ಚಹಾ ಮುಗಿಯುವಷ್ಟರಲ್ಲಿ ದೇಶದ ಸಕಲ ಸಮಸ್ಯೆಗಳೂ ಒಂದು ಸುತ್ತು ಇತ್ಯರ್ಥವಾಗಿಬಿಟ್ಟಿರುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಹೋಟೆಲೆಂಬುದು ಹೊಟ್ಟೆಗೆ ಹೇಗೋ ಹಾಗೆ ಮಾತಿಗೂ ಆಶ್ರಯಸ್ಥಾನವಾಗಿದೆ. ಆದರೆ 2025ರ ಜೂನ್ 12ರ ಅನಂತರ ಆ ಮೇಜುಗಳಲ್ಲಿ ನಡೆದ ಒಂದು ಬಗೆಯ ಮಾತನ್ನು ಕುರಿತು ನಮ್ಮ ವಾಚಕ ಬಂಧುಗಳೊಡನೆ ನಾಲ್ಕು ಮಾತುಗಳನ್ನಾಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಆ ದಿನ ಮಧ್ಯಾಹ್ನ ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ನೆಲ ಬಿಟ್ಟು ಅರ್ಧ ನಿಮಿಷ ಕಳೆಯುವಷ್ಟರಲ್ಲಿ ವೈದ್ಯಕೀಯ ಕಾಲೇಜೊಂದರ ವಸತಿಗೃಹಗಳ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿ ಉಳಿದವನು ಒಬ್ಬನೇ. ನೆಲದ ಮೇಲಿದ್ದವರಲ್ಲಿ 19 ಮಂದಿ ಸತ್ತರು. ಅದು ಊಟದ ಹೊತ್ತು. ವಿಮಾನ ಬಡಿದ ಕಟ್ಟಡಗಳಲ್ಲಿ ವಿದ್ಯಾರ್ಥಿಗಳ ಭೋಜನಶಾಲೆಯೂ ಒಂದು. ಬಡಿಸಿದ ಅನ್ನದ ತಟ್ಟೆಗಳು ಮೇಜುಗಳ ಮೇಲೆ ಹಾಗೆಯೇ ಉಳಿದಿದ್ದ ಚಿತ್ರವನ್ನು ಕಂಡಾಗ, ಬಡಿಸುವುದೇ ಬಾಳಾಗಿರುವ ನಮ್ಮಂಥವರ ಎದೆ ನಡುಗದಿರಲು ಹೇಗೆ ಸಾಧ್ಯ?

ದುಃಖದ ಬೆನ್ನಿಗೇ ಊಹೆಗಳು ಹೊರಟವು. ಹಕ್ಕಿ ಬಡಿದಿದೆ ಎಂದರು ಕೆಲವರು. ಎಣ್ಣೆಯಲ್ಲಿ ಕಲಬೆರಕೆಯಾಗಿದೆ ಎಂದರು ಮತ್ತೆ ಕೆಲವರು. ಚಾಲಕರು ರೆಕ್ಕೆಯ ಫ್ಲ್ಯಾಪುಗಳನ್ನು ಇಳಿಸಲು ಮರೆತರೆಂದು ಮೊಬೈಲಿನ ಚಿತ್ರ ನೋಡಿ ತೀರ್ಪಿತ್ತವರಿಗೆ ಲೆಕ್ಕವಿಲ್ಲ. ಅಪಘಾತ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಜುಲೈ 12ರಂದು ಹೊರಬಿದ್ದಾಗ ಈ ಮೂರೂ ನಿಲ್ಲಲಿಲ್ಲ. ಹಕ್ಕಿಗಳ ಗಣನೀಯ ಸಂಚಾರ ಕಂಡುಬಂದಿರಲಿಲ್ಲ. ವಿಮಾನಕ್ಕೆ ಇಂಧನ ತುಂಬಿದ ಮೂಲದ ಮಾದರಿಗಳು ಪರೀಕ್ಷೆಯಲ್ಲಿ ಸರಿಯಿದ್ದವು. ಫ್ಲ್ಯಾಪುಗಳು ಇರಬೇಕಾದ ಸ್ಥಾನದಲ್ಲಿಯೇ ಇದ್ದವು. ಹಾಗಿದ್ದರೆ ಆದುದೇನು? ಎರಡು ಎಂಜಿನುಗಳಿಗೂ ಇಂಧನ ಬಿಡುವ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ 'ಕಡಿತ' ಸ್ಥಾನಕ್ಕೆ ಸರಿದವು. ಏಕೆ ಕಡಿದೆ ಎಂದು ಒಬ್ಬ ಚಾಲಕ ಕೇಳಿದ. ತಾನು ಹಾಗೆ ಮಾಡಲಿಲ್ಲವೆಂದು ಇನ್ನೊಬ್ಬ ಹೇಳಿದ. ಸ್ವಿಚ್ಚುಗಳನ್ನು ಮರಳಿ ಮೊದಲಿನ ಸ್ಥಾನಕ್ಕೆ ತಂದರೂ ಸಮಯ ಮೀರಿತ್ತು.

ಕೇಳಿದವನಾರು, ಉತ್ತರಿಸಿದವನಾರು ಎಂಬುದನ್ನು ಆ ವರದಿ ಹೇಳಲಿಲ್ಲ. ಯಾರ ಮೇಲೂ ದೋಷವನ್ನು ಹೊರಿಸಲಿಲ್ಲ. ಆದರೆ ಮಾರನೆಯ ಬೆಳಿಗ್ಗೆಯೇ ನಮ್ಮ ಮೇಜುಗಳಲ್ಲಿ ಅಪರಾಧಿ ಸಿಕ್ಕಿಬಿಟ್ಟಿದ್ದ! ಅವನ ಮನೆಯ ಸಂಗತಿ, ಮನಸ್ಸಿನ ಸ್ಥಿತಿ, ಎಲ್ಲವೂ ಚಹಾದೊಡನೆ ಸರಬರಾಜಾದುವು. ಹಿರಿಯ ಚಾಲಕನ ತಂದೆ, ತೊಂಬತ್ತು ದಾಟಿದ ವೃದ್ಧರು, ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ಮೊರೆಹೊಗಬೇಕಾಯಿತು. ಮಗನ ಮೇಲೆ ದೋಷ ಬಂದಿದೆಯೆಂಬ ಭಾರವನ್ನು ಹೊರಬೇಡಿರೆಂದು ನವೆಂಬರಿನಲ್ಲಿ ನ್ಯಾಯಮೂರ್ತಿಗಳು ಅವರಿಗೆ ಹೇಳಿದರು. ಮಗನನ್ನು ಕಳೆದುಕೊಂಡವರು ಇಷ್ಟು ಮಾತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದುದು ನಾಡಿಗೆ ಗೌರವ ತರುವ ವಿಷಯವೇ?

ಪರರಿಗೆ ಬುದ್ಧಿ ಹೇಳುವ ಮುನ್ನ ನನ್ನದೇ ಒಂದು ಪಾಪವನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ನಾಲ್ಕು ಸಾವಿರದಷ್ಟು ಹಣ ಕಡಿಮೆ ಬಿದ್ದಿತು. ಅಂದು ಬೆಳಿಗ್ಗೆಯೇ ಒಬ್ಬ ಸಪ್ಲೈ ಹುಡುಗ ತಾಯಿಗೆ ಕಾಯಿಲೆಯೆಂದು ಊರಿನ ಬಸ್ಸು ಹತ್ತಿದ್ದ. ಅಡಿಗೆಯವರು, ಕ್ಲೀನರು, ಖಾಯಂ ಗಿರಾಕಿಗಳು, ಎಲ್ಲರೂ ಏಕಕಂಠದಿಂದ ಅವನ ಹೆಸರು ಹೇಳಿದರು, ನಾನೂ ತಲೆಯಾಡಿಸಿದೆ. ಇಪ್ಪತ್ತು ದಿನಗಳ ತರುವಾಯ ಹಾಲಿನವನಿಗೆ ನಾನೇ ಕೊಟ್ಟು ಖಾತೆಯಲ್ಲಿ ಬರೆಯಲು ಮರೆತ ಹಣದ ಚೀಟಿ ನನ್ನ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಹುಡುಗನಿಗೆ ಹೇಳಿ ಕಳುಹಿಸಿದೆ. ಅವನು ಬರಲಿಲ್ಲ. ಬೇರೆಡೆ ಕೆಲಸ ಕೇಳಲು ಹೋದಾಗ ನಮ್ಮ ಮಾತು ಅವನಿಗಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತೆಂದು ಆಮೇಲೆ ತಿಳಿಯಿತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಎದುರಿಗೆ ಇಲ್ಲದವನನ್ನು ಕಳ್ಳನೆನ್ನುವುದು ಎಷ್ಟು ಸುಲಭವೆಂಬುದನ್ನು ನಾನು ಅಂದು ಕಲಿತೆನು.

ತಪ್ಪು ಊಹೆಯಿಂದ ಹೋಗುವುದು ಮಾನವೊಂದೇ ಅಲ್ಲ, ಪ್ರಾಣವೂ ಹೋಗುತ್ತದೆ. 1953ರ ಮೇ 2ರಂದು ಕಲ್ಕತ್ತೆಯ ಬಳಿ ಕಾಮೆಟ್ ಎಂಬ ಜೆಟ್ ವಿಮಾನ ಒಡೆದು 43 ಜನ ಸತ್ತರು. ಬಿರುಗಾಳಿಯೇ ಕಾರಣವೆಂಬ ಸಮಾಧಾನ ದೊರೆಯಿತು. 1954ರ ಜನವರಿಯಲ್ಲಿ ಅಂಥದೇ ವಿಮಾನ ಇಟಲಿಯ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು 35 ಜನ ಸತ್ತರು. ಬೆಂಕಿ ಹತ್ತಿರಬಹುದೆಂದು ಊಹಿಸಿ, ಅದಕ್ಕೆ ತಕ್ಕ ರಿಪೇರಿ ಮಾಡಿ, ಮಾರ್ಚಿನಲ್ಲಿ ಮತ್ತೆ ಹಾರಿಸಿದರು. ಏಪ್ರಿಲಿನಲ್ಲಿ ಮತ್ತೊಂದು ಬಿದ್ದು 21 ಜನ ಹೋದರು. ಅನಂತರವೇ ಒಂದು ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಸಾವಿರಾರು ಸಲ ಒತ್ತಡವೇರಿಸಿ ಇಳಿಸಿ ಪರೀಕ್ಷಿಸಿದರು. ಲೋಹವೇ ದಣಿದು ಬಿರಿಯುತ್ತಿತ್ತೆಂಬುದು ಆಗ ತಿಳಿಯಿತು.

ಚಾಲಕರ ತಪ್ಪೇ ಇರುವುದಿಲ್ಲವೆಂದು ನಾವು ವಾದಿಸುತ್ತಿಲ್ಲ. 2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ 158 ಮಂದಿ ಸುಟ್ಟುಹೋದಾಗ ಗುಡ್ಡದ ಮೇಲಿನ ಓಡುದಾರಿಯನ್ನೇ ಎಲ್ಲರೂ ಶಪಿಸಿದರು. ಏರ್ ಮಾರ್ಷಲ್ ಗೋಖಲೆಯವರ ವಿಚಾರಣಾ ಮಂಡಳಿಯು, ಮತ್ತೆ ಮೇಲಕ್ಕೇರೋಣವೆಂದು ಸಹಚಾಲಕ ಮೂರು ಬಾರಿ ಹೇಳಿದರೂ ಮುಖ್ಯ ಚಾಲಕ ಇಳಿಯುವುದನ್ನು ನಿಲ್ಲಿಸಲಿಲ್ಲವೆಂದು ಕಂಡುಕೊಂಡಿತು. ಆದುದರಿಂದ ಸತ್ತವರ ಗೌರವಕ್ಕಾಗಿ ಸತ್ಯವನ್ನು ಮುಚ್ಚಬೇಕಾಗಿಲ್ಲ. ಆದರೆ ಆ ಮಾತು ಸಾಕ್ಷ್ಯವನ್ನು ತೂಗಿ ನೋಡಿ ಆಡಿದುದು. ಗಿರಾಕಿಯ ಬಾಯಿಂದ ಉದುರಿದುದಲ್ಲ.

ಸರಕಾರದ ಪಾಲಿನ ತಪ್ಪನ್ನೂ ಇಲ್ಲಿ ಹೇಳಲೇಬೇಕು. ಚಾಲಕರ ಸಂಭಾಷಣೆಯಲ್ಲಿ ಎರಡೇ ಮಾತುಗಳ ಸಾರಾಂಶವನ್ನು ಕೊಟ್ಟು ಮಿಕ್ಕುದನ್ನು ಪೆಟ್ಟಿಗೆಯಲ್ಲಿಟ್ಟರೆ, ಆ ಬಿಡುವನ್ನು ಜನರ ನಾಲಗೆ ತುಂಬದೆ ಬಿಡುವುದಿಲ್ಲ. ಅರ್ಧ ತೆರೆದ ಬಾಗಿಲಿನಿಂದಲೇ ಗಾಳಿಸುದ್ದಿ ನುಗ್ಗುವುದು. ಹೇಳುವುದಾದರೆ ಪೂರ್ತಿ ಹೇಳಬೇಕು. ಪೂರ್ತಿ ಹೇಳುವ ಕಾಲ ಬಂದಿಲ್ಲವಾದರೆ ಏಕೆ ಬಂದಿಲ್ಲವೆಂದಾದರೂ ಹೇಳಬೇಕು. ಇದನ್ನು ಕೇಳುವ ಹಕ್ಕು 260 ಮನೆಗಳಿಗಿದೆ, ನಮಗೂ ಇದೆ.

ನಮ್ಮ ವಾಚಕರಲ್ಲಿ ಬಹುಮಂದಿ ಲೋಟ ಒಡೆದಾಗ ಮೊದಲು ಬೈಗುಳ ತಿಂದವರು. ಫೈಲು ಕಾಣದಾದಾಗ ಮೊದಲು ನೋಟೀಸು ಪಡೆದ ಗುಮಾಸ್ತರು. ವಿಚಾರಿಸದೆ ಹೊರಿಸಿದ ಅಪವಾದದ ಉರಿ ಎಂಥದೆಂದು ನಿಮಗೆ ನಾವು ಕಲಿಸಬೇಕಾದುದಿಲ್ಲ. ಆದಕಾರಣ ನಾಳೆ ನಿಮ್ಮ ಮೇಜಿನಲ್ಲಿ ಯಾರಾದರೂ ಸತ್ತ ಚಾಲಕನ ಹೆಸರೆತ್ತಿ ತೀರ್ಪು ಕೊಟ್ಟರೆ, ಜಗಳವಾಡಬೇಡಿರಿ. 'ನೀವು ಕಂಡಿರಾ?' ಎಂದು ಒಂದೇ ಒಂದು ಮಾತು ಕೇಳಿರಿ. ಅಂದು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಯಾರಾದರೂ ಅದನ್ನು ಕೇಳಿದ್ದರೆ ಒಬ್ಬ ಬಡ ಹುಡುಗನ ಹೆಸರು ಉಳಿಯುತ್ತಿತ್ತು.