ದುಡ್ಡು ಕೊಟ್ಟು ಕಳ್ಳ ವಿಂಡೋಸ್ ಯಾಕ್ ಹಾಕಿಸ್ತೀರಾ?

1/4
ಲ್ಯಾಪ್‌ಟಾಪ್ ಸ್ಲೋ ಆಯ್ತಾ? ನಮ್ಮ ಕ್ಲಾಸಲ್ಲಿ ಒಂದೇ ಮದ್ದು: ಅಂಗಡಿಗೆ ಕೊಡು, ವಿಂಡೋಸ್ ಹಾಕಿಸು. ಅವರು ಪೆನ್‌ಡ್ರೈವ್ ಚುಚ್ತಾರೆ, ದುಡ್ಡು ಎಣಿಸ್ಕೊಳ್ತಾರೆ. ಅದರೊಳಗೆ ಏನಿತ್ತು ಅಂತ ಯಾರೂ ಕೇಳಲ್ಲ. ಕ್ರ್ಯಾಕ್ ಕಾಪಿ ಆಗಿದ್ರೆ? ಅದೇ ಮಷೀನಲ್ಲಿ ನೆಟ್‌ಬ್ಯಾಂಕಿಂಗ್, ಅದರಲ್ಲೇ ಅಪ್ಪನ ಅಂಗಡಿಯ ಜಿಎಸ್‌ಟಿ. ಲೆಕ್ಕಪುಸ್ತಕಕ್ಕೆ ಆಡಿಟ್ ಬೇಕು ಅಂತ ಓದೋ ನಾವು, ಲೆಕ್ಕ ಬರೆಯೋ ಮಷೀನನ್ನ ಕಣ್ಮುಚ್ಚಿ ಒಪ್ಪಿಸ್ತೀವಿ!

2/4
ಇನ್ನೊಂದು ತಮಾಷೆ. ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್ ಆದ್ರೆ ಲೈಸೆನ್ಸ್ ದುಡ್ಡು ಅದರ ಬೆಲೆಯಲ್ಲೇ ಸೇರಿದೆ. ಆ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಅಂಟಿರುತ್ತೆ. ಅದೇ ಎಡಿಷನ್ ಮತ್ತೆ ಹಾಕಿ, ನೆಟ್ ಕೊಟ್ರೆ ತಾನೇ ಆಕ್ಟಿವೇಟ್ ಆಗುತ್ತೆ. ಅಂದ್ರೆ ಅಸಲಿಗೆ ಒಮ್ಮೆ ಕೊಟ್ಟಾಯ್ತು, ಈಗ ನಕಲಿಗೆ ಇನ್ನೊಮ್ಮೆ ಕೊಡ್ತಿದೀವಿ. ಇದು ಯಾವ ಕಾಸ್ಟಿಂಗ್ ಗುರು?

3/4
"ನಮಗೆ ಬರಲ್ಲ" ಅಂತೀರಾ. ಐಎಸ್ಒ ಫೈಲನ್ನ ಬರೀ ಕಾಪಿ ಮಾಡಿದ್ರೆ ಪೆನ್‌ಡ್ರೈವ್ ಬೂಟ್ ಆಗಲ್ಲ, ನಿಜ. ಅದಕ್ಕೇ ರೂಫಸ್ ಇರೋದು: 2011ರಿಂದ ಇದೆ, ಉಚಿತ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಬೇಡ್ವಾ? ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಕೂಡ ಉಚಿತವೇ, 8 ಜಿಬಿ ಪೆನ್‌ಡ್ರೈವ್ ಸಾಕು. ವೆಂಟಾಯ್ ಆದ್ರೆ ಇನ್ನೂ ಸುಲಭ: ಒಮ್ಮೆ ಪೆನ್‌ಡ್ರೈವಿಗೆ ಹಾಕಿದ್ರೆ, ಆಮೇಲೆ ಎಷ್ಟು ಐಎಸ್ಒ ಬೇಕಾದ್ರೂ ಕಾಪಿ ಮಾಡ್ತಾ ಹೋಗಿ, ಆನ್ ಮಾಡಿದಾಗ ಮೆನು ಬರುತ್ತೆ.

ಎರಡು ಮಾತು ಮರೀಬೇಡಿ. ಪೆನ್‌ಡ್ರೈವಲ್ಲಿ ಇದ್ದದ್ದೆಲ್ಲಾ ಅಳಿಸಿಹೋಗುತ್ತೆ; ಲ್ಯಾಪ್‌ಟಾಪಿನ ಫೈಲುಗಳನ್ನೂ ಮೊದಲೇ ಬ್ಯಾಕಪ್ ತಗೊಳ್ಳಿ. ಐಎಸ್ಒ ಅಧಿಕೃತ ಸೈಟಿಂದ ಮಾತ್ರ ಇಳಿಸ್ಕೊಳ್ಳಿ, ಟೆಲಿಗ್ರಾಂ ಗ್ರೂಪಿಂದ ಅಲ್ಲ.

4/4
2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಎಷ್ಟೋ ಹಳೇ ಮಷೀನುಗಳಲ್ಲಿ ಇರಲ್ಲ. "ಗುಜರಿಗೆ ಹಾಕು, ಹೊಸದು ತಗೋ" ಅನ್ನೋರ ಮಾತಿಗೆ ಮನೆಯವರ ಹತ್ರ ಸಾಲ ಮಾಡಿಸ್ಬೇಡಿ. ಲಿನಕ್ಸ್ ಮಿಂಟ್ ಪೆನ್‌ಡ್ರೈವಿಂದಲೇ ಓಡುತ್ತೆ; ಇನ್‌ಸ್ಟಾಲ್ ಮಾಡದೇ ವೈಫೈ, ಸೌಂಡ್ ಎಲ್ಲಾ ಪರೀಕ್ಷಿಸಿ ನೋಡಿ. ಟ್ಯಾಲಿ ಬೇಕು ಅಂದ್ರೆ ವಿಂಡೋಸ್ ಬೇಕೇ ಬೇಕು, ಒಪ್ತೀನಿ. ಆದ್ರೆ ಬ್ರೌಸರ್, ಪಿಡಿಎಫ್, ಸ್ಪ್ರೆಡ್‌ಶೀಟ್ ಅಷ್ಟೇ ಸಾಕಾದವರಿಗೆ ಯಾಕೆ ಹೊಸ ಖರ್ಚು?

ಕಂಪ್ಯೂಟರ್ ಲ್ಯಾಬಲ್ಲಿ ಕೀಬೋರ್ಡ್ ಭಾಗಗಳ ಹೆಸರು ಬರೆಸೋ ಬದಲು ಒಂದು ಗಂಟೆ ಇದನ್ನ ಕಲಿಸ್ಲಿ. ಕಲಿಸೋವರೆಗೂ ಕಾಯ್ಬೇಡಿ. ಹಳೇ ಪೆನ್‌ಡ್ರೈವ್ ಹುಡುಕಿ, ಈ ಭಾನುವಾರವೇ ಶುರು ಮಾಡಿ. ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ.

#ನಮ್ಮಮಷೀನ್ನಮ್ಮಕೈಲಿ #ಬೂಟೆಬಲ್‌ಪೆನ್‌ಡ್ರೈವ್ #ಬಿಕಾಂ